ಎತ್ತಿದ ಕೈ

"ಅಲ್ಲೇ ನಿಲ್ಲೇ! ಆ ಹೊಲಸು ಕಾಲು ಒಳಗಿಟ್ಟೀಯ ಮತ್ತೆ!"

ಗಿಡ್ಡಿ ಧಣಿಯ ಮಹಡಿ ಕೋಣೆಯ ಹೊಸ್ತಿಲಾಚೆಗೇ ನಿಂತಳು. ಮೊಣಕೈವರೆಗೂ ಮೀನಿನ ಹುರುಪೆ ಅಂಟಿತ್ತು. ಕೆಳಗೆ ಶೆಡ್ಡಿನಲ್ಲಿ ಮೀನಿನ ಕರುಳು ತೆಗೆಯುತ್ತಿದ್ದವಳನ್ನು ಮೇಸ್ತ್ರಿ ಕೈ ತೊಳೆಯಲೂ ಬಿಡದೆ ಎಬ್ಬಿಸಿಕೊಂಡು ಬಂದಿದ್ದ. ಧಣಿ ಮೂಗಿಗೆ ಕರ್ಚೀಫು ಹಿಡಿದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇವಳೇನೋ? ಇನ್ನೂ ಸ್ವಲ್ಪ ನೋಡೋ ಹಾಗಿರೋಳು ಯಾರೂ ಸಿಗಲಿಲ್ವಾ?"

"ಇವಳಾದ್ರೆ ಬಾಯಿ ಕಮ್ಮಿ ಧಣಿ. ಕೇರೀಲಿ ಒಳ್ಳೆ ಹೆಸರೂ ಇದೆ," ಎಂದ ಮೇಸ್ತ್ರಿ.

"ಕೇಳೇ ಇಲ್ಲಿ. ಈ ಸಲ ನಮ್ಮ ವಾರ್ಡು ಹೆಂಗಸರಿಗೆ ಬಿದ್ದಿದೆ. ಅದೂ ನಿಮ್ಮ ಕೇರಿಯಂಥ ಹೆಂಗಸರಿಗೆ. ನಮ್ಮ ಗ್ರಹಚಾರ. ಪುರಸಭೆ ಎಲೆಕ್ಷನ್ನಿಗೆ ನೀನು ನಿಲ್ತೀಯ."

"ನಾನಾ? ನನಗೆ ನಾಲ್ಕು ಜನರ ಮುಂದೆ ಮಾತಾಡಕ್ಕೂ ಬರಲ್ಲ ಧಣಿ."

"ಅದಕ್ಕೇ ಕಣೇ ನಿನ್ನ ಕರೆಸಿದ್ದು."

ಮೇಸ್ತ್ರಿ ಕಿಸಕ್ಕನೆ ನಕ್ಕ. ಗಿಡ್ಡಿ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು. ಬೇಡ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಧಣಿಗೆ ಅದು ಅವಳ ಮುಖದಲ್ಲೇ ಕಂಡಿತೇನೋ.

"ಒಲ್ಲೆ ಅಂತೀಯೇನು? ಅನ್ನು. ಅಂದುಬಿಟ್ಟು ಆ ಮೀನಿನ ಕತ್ತಿ ಶೆಡ್ಡಲ್ಲೇ ಇಟ್ಟು ಹೊರಡು. ಹೋಗ್ತಾ ಐಸ್ ಪ್ಲಾಂಟಿಂದ ನಿನ್ನ ಗಂಡನ್ನೂ ಕರ್ಕೊಂಡು ಹೋಗು."

ಅವಳು ತಲೆಯಾಡಿಸಿದಳು. ಯಾವ ಕಡೆಗೆ ಆಡಿಸಿದಳು ಎಂದು ಧಣಿ ಕೇಳಲಿಲ್ಲ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ, ನಿಂತಿದ್ದ ಜಾಗಕ್ಕೆ ಫಿನಾಯಿಲು ಸುರಿಯುವ ಸದ್ದು ಕೇಳಿಸಿತು.

ಶೆಡ್ಡಿನ ಕಲ್ಲುಬೆಂಚಿನಲ್ಲಿ ಗಿಡ್ಡಿಯ ಪಕ್ಕದ ಜಾಗ ದೊಡ್ಡಮ್ಮನದು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ್ದು, ಕತ್ತಿ ಹಿಡಿಯುವುದನ್ನು ಕಲಿಸಿದ್ದು, ಮದುವೆ ಮಾಡಿದ್ದು ಎಲ್ಲ ಅದೇ ದೊಡ್ಡಮ್ಮ. ನಡೆದದ್ದನ್ನು ಕೇಳಿ ಮುದುಕಿ ಕೈಲಿದ್ದ ಮೀನನ್ನು ಬೆಂಚಿನ ಮೇಲೆ ಬಿಟ್ಟಳು.

"ಅವನಿಗೆ ಗೊಂಬೆ ಬೇಕಾಗಿದೆ, ಅಷ್ಟೇ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಆದ್ರೂ ನಿಲ್ಲು ಮಗಳೇ. ಕುರ್ಚಿ ಮೇಲೆ ಕೂರಿಸೋ ತನಕ ಅವನ ಮಾತು ಕೇಳು. ಕೂತ್ಮೇಲೆ ನಮ್ಮ ಮಾತು ಹೇಳು. ಒಂದು ಕಕ್ಕಸು ಕಟ್ಸು. ನನಗೆ ಇನ್ನೇನೂ ಬೇಡ."

ಕೇರಿಗೆ ಕಕ್ಕಸಿರಲಿಲ್ಲ. ಹೆಂಗಸರು ಬೆಳಕು ಹರಿಯುವ ಮೊದಲೇ ಕಡಲಿನ ಬಂಡೆಗಳ ಮರೆಗೆ ಹೋಗಿ ಬರಬೇಕು. ದೊಡ್ಡಮ್ಮನ ಸೊಸೆ, ತುಂಬಿದ ಬಸುರಿ, ಅಲ್ಲಿಗೆ ಹೋದವಳು ಪಾಚಿಯ ಮೇಲೆ ಜಾರಿದ್ದಳು. ತೆರೆ ಎಳೆದುಕೊಂಡು ಹೋಗಿತ್ತು. ಹೆಣ ಸಿಕ್ಕಿದ್ದು ಧಣಿಯ ಜೆಟ್ಟಿಯ ಕಂಬಕ್ಕೆ ಸಿಕ್ಕಿಕೊಂಡು. ದೋಣಿ ಕಟ್ಟಲು ಅಡ್ಡಿಯಾಗುತ್ತದೆ, ಬೇಗ ಎತ್ತಿ ಎಂದು ಮೇಲಿನಿಂದ ಕೂಗಿದವನು ಇದೇ ಮೇಸ್ತ್ರಿ.

ಗೋಡೆಗೋಡೆಗೂ ಗಿಡ್ಡಿಯ ಚಿತ್ರ ಬಂತು. ಮುಖವನ್ನು ಬೆಳ್ಳಗೆ ಮಾಡಿ, ಕುತ್ತಿಗೆ ಉದ್ದ ಮಾಡಿದ್ದರು.

"ಯಾರೇ ಇವಳು? ಧಣಿ ನಾದಿನೀನಾ?" ಎಂದು ಕೇರಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟಿದಾಗ ಇಟ್ಟ ಹೆಸರು ಅವಳ ಗಂಡನಿಗೂ ಮರೆತಿತ್ತು. ಕೊನೆಗೆ ಚಿತ್ರದ ಕೆಳಗೆ ಗಿಡ್ಡಿ ಎಂದು ದಪ್ಪಗೆ ಬರೆಸಬೇಕಾಯಿತು.

ಪೇಟೆಯ ಬೀದಿಗಳಲ್ಲಿ ಮೇಸ್ತ್ರಿ ಹೇಳಿಕೊಟ್ಟದ್ದನ್ನೇ ಹೇಳಿದಳು. ಧಣಿಯವರ ಆಶೀರ್ವಾದ, ಊರಿನ ಏಳಿಗೆ. ಕೇರಿಗೆ ಬಂದಾಗ ಮಾತ್ರ ಮೇಸ್ತ್ರಿ ನಾತಕ್ಕೆ ಹೆದರಿ ತಿರುವಿನಲ್ಲೇ ನಿಂತುಬಿಟ್ಟ. ಅಲ್ಲಿ ಗಿಡ್ಡಿ ಒಂದೇ ಮಾತು ಹೇಳಿದಳು: "ಕಕ್ಕಸು ಕಟ್ಟಿಸ್ತೀನಿ. ದೊಡ್ಡಮ್ಮನ ಮೇಲಾಣೆ."

ಹೆಂಗಸರು ಕೆಲಸ ಮುಗಿಸಿ, ಕೈಕಾಲು ತೊಳೆದು, ಮನೆಮನೆ ತಿರುಗಿದರು. ಕುಡಿದು ಬಿದ್ದಿದ್ದ ಗಂಡಸರನ್ನು ತೋಳು ಹಿಡಿದೆಬ್ಬಿಸಿ ಮತಗಟ್ಟೆಗೆ ನಡೆಸಿದರು. ಅವಳು ಗೆದ್ದಳು. ಐಸು ತುಂಬುವ ಪೆಟ್ಟಿಗೆಯ ಮೇಲೆ ಅವಳನ್ನು ಎತ್ತಿ ನಿಲ್ಲಿಸಿ, "ಈಗ ಉದ್ದ ಆದ್ಯಲ್ಲೇ ಗಿಡ್ಡಿ!" ಎಂದು ಕೂಗಿದರು. ದೊಡ್ಡಮ್ಮ ಅವಳ ಪಾದ ಹಿಡಿದುಕೊಂಡು ಅತ್ತಳು.

ಪುರಸಭೆಯ ಸಭಾಂಗಣದಲ್ಲಿ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಗಿಡ್ಡಿ ಬೆಳಿಗ್ಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದವನು ಕುರ್ಚಿಯನ್ನು ಆಚೆ ಎಳೆದುಕೊಂಡ. ಮೇಸ್ತ್ರಿ, ಸದಸ್ಯೆಯ ಸಹಾಯಕನೆಂದು, ಅವಳ ಬೆನ್ನ ಹಿಂದೆಯೇ ಕೂತಿದ್ದ.

ಅಧ್ಯಕ್ಷ ಮಾತು ಶುರುಮಾಡುವ ಮೊದಲೇ ಅವಳು ಎದ್ದುನಿಂತಳು.

"ಸ್ವಾಮಿ, ನಮ್ಮ ಕೇರಿ ಹೆಂಗಸರಿಗೆ ಕಕ್ಕಸು..."

ಇಡೀ ಸಭೆ ಗೊಳ್ಳೆಂದಿತು.

"ಅರ್ಜೆಂಟಾ ಅಮ್ಮ? ಹೊರಗೆ ಎಡಗಡೆ ಇದೆ, ಹೋಗಿ ಬನ್ನಿ," ಎಂದ ಅಧ್ಯಕ್ಷ. ಅವರೆಲ್ಲ ನಕ್ಕು ಮುಗಿಯುವವರೆಗೂ ಅವಳು ನಿಂತೇ ಇದ್ದಳು. ಮೇಸ್ತ್ರಿ ಹಿಂದಿನಿಂದ ಬಟ್ಟೆ ಹಿಡಿದು ಜಗ್ಗಿ ಕೂರಿಸಿದ.

ಅಧ್ಯಕ್ಷ ಒಂದೊಂದಾಗಿ ವಿಷಯ ಓದುತ್ತ ಹೋದ. ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. "ಕಡಲತೀರದ ಅನಧಿಕೃತ ವಸತಿಗಳ ತೆರವು. ಸದರಿ ಜಾಗದಲ್ಲಿ ಶೀತಲ ಗೋದಾಮು. ಒಪ್ಪಿಗೆಯೇ?"

"ಯಾವ ವಸತಿ ಸ್ವಾಮಿ?" ಎಂದಳು ಗಿಡ್ಡಿ.

"ನಿಮ್ಮ ವಾರ್ಡಿಂದೇ ಅಮ್ಮ. ಧಣಿಯವರ ಶೆಡ್ಡುಗಳ ಹಿಂದಿನ ಗುಡಿಸಲುಗಳು. ಅವರ ಗೋದಾಮಿಗೆ ಜಾಗ ಬೇಕಲ್ಲ."

"ಅದು ನಮ್ಮ ಕೇರಿ! ನಾವಿರೋ ಮನೆಗಳು!"

"ಆ ವಾರ್ಡಿನ ಸದಸ್ಯರ ಒಪ್ಪಿಗೆಯೇ ಮುಖ್ಯ. ಒಪ್ಪಿಗೆ ಇರುವವರು ಕೈ ಎತ್ತಿ."

ಉಳಿದವರ ಕೈಗಳೆಲ್ಲ ಎದ್ದವು. ಗಿಡ್ಡಿ ತನ್ನೆರಡು ಕೈಗಳನ್ನು ತೊಡೆಗಳ ಸಂದಿಯಲ್ಲಿ ಒತ್ತಿಕೊಂಡಳು. ಹಿಂದಿನಿಂದ ಮೇಸ್ತ್ರಿಯ ಕೈ ಬಂದು ಅವಳ ಬಲ ಮೊಣಕೈ ಹಿಡಿಯಿತು. ಮೂಳೆಯ ಮೇಲೆ ಹೆಬ್ಬೆರಳು ಊರಿ, ಪೆಟ್ಟಿಗೆಯ ಮುಚ್ಚಳ ತೆಗೆಯುವ ಹಾಗೆ ಮೇಲಕ್ಕೆ ಮೀಟಿದ. ಅವಳ ತೋಳು ಗಾಳಿಯಲ್ಲಿ ನಿಂತಿತು.

"ನಾನೆತ್ತಿಲ್ಲ! ನೋಡಿ ಸ್ವಾಮಿ, ಇವನು ಎತ್ತಿಸ್ತಿದಾನೆ!"

ಅಧ್ಯಕ್ಷ ಕನ್ನಡಕದ ಮೇಲಿನಿಂದ ನೋಡಿದ. "ಕೈ ಮೇಲಿದೆ ತಾನೇ?" ಎಂದ. ಗುಮಾಸ್ತನ ಕಡೆ ತಿರುಗಿದ. "ಸರ್ವಾನುಮತ. ಬರ್ಕೊಳಯ್ಯ."

ಹೊರಗೆ ಕಾರಿನಲ್ಲಿ ಧಣಿ ಕೂತಿದ್ದ. ಗಿಡ್ಡಿ ಓಡಿಹೋಗಿ ಕಿಟಕಿಗೆ ಕೈ ಹಚ್ಚಿದಳು.

"ಧಣಿ, ಕೇರಿ ಒಡೆಸಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಅವರು ಓಟು ಹಾಕಿದ್ದು ನನಗೆ..."

"ನಿನಗಾ?" ಧಣಿಗೆ ನಿಜವಾಗಿಯೂ ನಗು ಬಂತು. "ಗೆದ್ದಿದ್ದು ನಾನು ಕಣೇ ಮುಂಡೆ. ನೀನು ನನ್ನ ಚಪ್ಪಲಿ. ಕೈ ತೆಗಿ, ಗಾಜು ನಾರುತ್ತೆ."

ಅವಳು ಕೇರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಬಾಗಿಲಲ್ಲಿ ಗಂಡ ಕೂತಿದ್ದ. ಅವಳ ಮುಖ ನೋಡದೆ ಹೇಳಿದ: "ಐಸ್ ಪ್ಲಾಂಟಿನ ಹಿಂದೆ ನಮಗೊಂದು ರೂಮು ಕೊಡ್ತಾರಂತೆ. ಬಾಯ್ಮುಚ್ಕೊಂಡು ಗಂಟುಮೂಟೆ ಕಟ್ಟು."

"ಉಳಿದೋರು?"

"ಉಳಿದೋರ ಸುದ್ದಿ ನಿನಗ್ಯಾಕೆ?"

ಅವಳು ದೊಡ್ಡಮ್ಮನ ಗುಡಿಸಲಿಗೆ ಓಡಿದಳು. ಮುದುಕಿ ಒಲೆಯ ಮುಂದೆ ಕೂತಿದ್ದಳು. ಏಳಲಿಲ್ಲ.

"ಕೈ ಎತ್ತಿದ್ಯಂತೆ."

"ಮೇಸ್ತ್ರಿ ಎತ್ತಿಸ್ದ ದೊಡ್ಡಮ್ಮ. ನೋಡು, ಇಲ್ಲಿ ನೋಡು." ಮೊಣಕೈಯ ಕಪ್ಪು ಕಲೆ ತೋರಿಸಿದಳು.

ದೊಡ್ಡಮ್ಮ ನೋಡಿದಳು. "ಅವನು ಎಳೆದ. ನೀನು ಕಚ್ಚಬೇಕಿತ್ತು," ಎಂದಳು. "ಕಚ್ಚಲಿಲ್ಲ ಯಾಕೆ?"

ಗಿಡ್ಡಿ ಕಲೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಮುದುಕಿ ಒಲೆಯ ಕಡೆಗೆ ತಿರುಗಿಕೊಂಡು ಕೊಳವೆಯಿಂದ ಬೆಂಕಿ ಊದತೊಡಗಿದಳು. ಬೂದಿ ಹಾರಿ ಇಬ್ಬರ ತಲೆಯ ಮೇಲೂ ಕೂತಿತು.

ಕೇರಿ ಕೆಡವುವ ಯಂತ್ರ ಬಂದ ಬೆಳಿಗ್ಗೆ ಹೆಂಗಸರೆಲ್ಲ ಕೇರಿಯ ಬಾಯಿಗೆ ಅಡ್ಡಲಾಗಿ ಕೂತಿದ್ದರು. ಆಚೆ ಪೊಲೀಸರು, ಧಣಿಯ ಕಾರು, ಮೇಸ್ತ್ರಿ. ನಡುವೆ ಒದ್ದೆ ಮರಳಿನ ಬಯಲು. ಗಿಡ್ಡಿ ಬಂದು ದೊಡ್ಡಮ್ಮನ ಪಕ್ಕ ಬಗ್ಗಿದಳು.

"ಇಲ್ಲಿ ಜಾಗ ಇಲ್ಲ," ಎಂದಳು ದೊಡ್ಡಮ್ಮ.

"ಒಂಚೂರು ಸರ್ಕೋ ದೊಡ್ಡಮ್ಮ."

"ಆ ಕಡೆ ಹೋಗು. ನಿನ್ನೋರು ಅಲ್ಲಿದಾರೆ."

ಹೆಂಗಸರು ಇನ್ನಷ್ಟು ಒತ್ತಿಕೊಂಡು ಕೂತರು. ಯಾರೋ ಅವಳ ಕಾಲ ಬುಡಕ್ಕೆ ಉಗುಳಿದರು. ಗಿಡ್ಡಿ ನೆಟ್ಟಗಾದಳು. ಆ ಕಡೆಗೆ ನಡೆದಳು. ಮೇಸ್ತ್ರಿ ಅವಳು ಬರುತ್ತಿರುವುದನ್ನು ಕಂಡು ನಗುತ್ತ ಕಾರಿನ ಪಕ್ಕ ಜಾಗ ಬಿಟ್ಟ. ಅವಳು ಅಲ್ಲಿಯವರೆಗೆ ಹೋಗಲಿಲ್ಲ. ಬಯಲಿನ ನಟ್ಟನಡುವೆ, ಯಂತ್ರದ ನೇರಕ್ಕೆ, ಮರಳಿನ ಮೇಲೆ ಕುಕ್ಕರಿಸಿದಳು.

"ಸದಸ್ಯರೇ, ಇದು ನೀವೇ ಪಾಸ್ ಮಾಡಿದ್ದು, ಏಳಿ," ಎಂದ ಪೊಲೀಸ್ ಅಧಿಕಾರಿ, ನಗು ತಡೆದುಕೊಂಡು.

ಗಂಡ ಓಡಿಬಂದು ರಟ್ಟೆ ಹಿಡಿದ. "ರೂಮೂ ಹೋಗುತ್ತೆ ಕಣೇ! ಎದ್ದೇಳೇ!" ಅವಳು ಅವನ ಮಣಿಕಟ್ಟಿಗೆ ಹಲ್ಲು ಊರಿದಳು. ಅವನು ಕಿರುಚಿಕೊಂಡು ಬಿಟ್ಟ.

"ಓಡಿಸೋ, ಸೂಳೆಮಗನೇ! ಅವಳೇನು ಮಾಡ್ಕೊತಾಳೆ!" ಮೇಸ್ತ್ರಿ ಚಾಲಕನಿಗೆ ಕೂಗಿದ.

ಯಂತ್ರ ಗುಡುಗಿತು. ಗಿಡ್ಡಿ ಹಿಂತಿರುಗಿ ನೋಡಿದಳು. ಹೆಂಗಸರ ಸಾಲಿನಿಂದ ಯಾರೂ ಏಳಲಿಲ್ಲ, ಯಾರೂ ಕರೆಯಲೂ ಇಲ್ಲ. ದೊಡ್ಡಮ್ಮನ ತುಟಿ ಏನೋ ಅನ್ನುತ್ತಿತ್ತು. ಆ ಸದ್ದಿನಲ್ಲಿ ಕೇಳಿಸಲಿಲ್ಲ. ಗಿಡ್ಡಿ ಮತ್ತೆ ಮುಂದಕ್ಕೆ ತಿರುಗಿ ಎರಡೂ ಕಾಲುಗಳನ್ನು ಯಂತ್ರದ ಕಡೆಗೆ ಉದ್ದಕ್ಕೆ ಚಾಚಿದಳು.

ಚಾಲಕ ಬಾಗಿ ಅವಳ ಪಾದಗಳನ್ನು ನೋಡಿದ. ಧಣಿಯ ಕಾರಿನ ಕಡೆ ನೋಡಿದ. ಕಾರಿನ ಗಾಜು ಮೇಲೇರಿತು. ಅವನ ಕಾಲು ಪೆಡಲಿನ ಮೇಲೇ ಇತ್ತು, ಇನ್ನೂ ಒತ್ತಿರಲಿಲ್ಲ.