ಗಂಟು ಕಲಿಸಿದ ಮರ್ಯಾದೆ

ಕೊಡ್ತೀರೇನ್ರಿ, ಮತ್ತೆ ಶುರುವಾಯಿತು, ಆಸ್ಪತ್ರೆಯ ಮಂಚದ ಮೇಲಿಂದ ಗಂಡ ಅವ್ವಣ್ಣ ಲೋಟದತ್ತ ಬೆರಳು ಮಾಡುತ್ತಿದ್ದಾನೆ, ಶರಣಮ್ಮನವರ, ತ್ರಾಸ ಇಲ್ಲಂದ್ರ ಒಂದೀಟು ನೀರು ಕೊಡ್ತೀರೇನ್ರಿ — ಶರಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಳುತ್ತಿದ್ದಾಳೆಂದು ಪಕ್ಕದ ಮಂಚದವನ ತಾಯಿ ಲೊಚಗುಟ್ಟಿದಳು, ಅಳುವುದೆಲ್ಲಿ ಬಂತು, ನಗು, ಪಕ್ಕೆ ಹಿಡಿದುಕೊಳ್ಳುವಂಥ ನಗು, ಇಪ್ಪತ್ತಾರು ವರ್ಷ ಏ ಅಂದವನು, ಏ ಹುಚ್ಚಿ, ಏ ದರಿದ್ರ, ಭೋಸರಿಯ ಕಾರ್ಖಾನೆಯಲ್ಲಿ ಮರಾಠಿ ಸಾಹೇಬರಿಗೆ ಹೋ ಸಾಹೇಬ, ಹೌದು ಸಾಹೇಬ ಎಂದು ದಿನವೆಲ್ಲ ಬಗ್ಗಿ, ಮನೆಯ ಹೊಸ್ತಿಲಿಗೆ ಬಂದಾಗಷ್ಟೇ ನೆಟ್ಟಗಾಗುತ್ತಿದ್ದವನು, ತನ್ನ ಹೆಸರು ಅವನಿಗೆ ಗೊತ್ತಿದೆ ಎಂಬುದೇ ಅವಳಿಗೆ ತಿಳಿದದ್ದು ಹದಿನೈದು ದಿನದ ಹಿಂದೆ, ಈ ಮನುಷ್ಯನಿಗೆ ಮರ್ಯಾದೆ ಬರಬೇಕಾದರೆ ಮೆದುಳೊಳಗೆ ನಿಂಬೆಕಾಯಿಯಷ್ಟು ಗಂಟು ಬೆಳೆಯಬೇಕಾಯಿತು — ನೀರು ಕುಡಿಸಿ ಗದ್ದ ಒರೆಸಿದಳು, ಭಾಳ ಉಪಕಾರ ಆತ್ರಿ ಅಂದ, ಉಪಕಾರವಂತೆ, ಬಾಣಂತಿಯಾಗಿದ್ದಾಗ ಅವಳು ಮಾಡಿದ ಸಾರಿಗೆ ಉಪ್ಪಿಲ್ಲವೆಂದು ತಾಟು ಬೀಸಿದವನು, ಅವಳ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ಇದೆ, ನಿನ್ನೆ ಮೈದುನ ದತ್ತು ಬಂದವನು ಗೋಡೆಗೆ ಮುಖ ಮಾಡಿ ಅತ್ತ, ವೈನಿ, ಅಣ್ಣಗ ಏನಾಗ್ಯದ, ನಿಮಗ ರೀ ಅಂತಾನಲ್ಲ, ತಾಟು ಬೀಸಿದ ದಿನ ಇದೇ ದತ್ತು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ, ಆಗ ಅಣ್ಣನಿಗೆ ಏನೂ ಆಗಿರಲಿಲ್ಲ — ಡಾಕ್ಟರ್ ಸುಲಭಾ ಕಾಗದ ಹಿಡಿದು ಬಂದಳು, ಮರಾಠಿಯಲ್ಲಿ ಮೆತ್ತಗೆ, ಇಲ್ಲಿ ಸಹಿ ಮಾಡಿ ತಾಯಿ, ಗಂಟು ತೆಗೆದರೆ ಬದುಕುತ್ತಾರೆ, ಮಾತೂ ಮೊದಲಿನ ಹಾಗಾಗಬಹುದು, ಹೆದರಬೇಡಿ. ಮೊದಲಿನ ಹಾಗೆ. ಇದನ್ನು ಸಿಹಿಸುದ್ದಿ ಎಂದುಕೊಂಡು ಹೇಳುತ್ತಿದ್ದಾಳೆ, ಪಾಪ — ತೆಗೆಯದಿದ್ದರೆ, ಶರಣಮ್ಮ ಕೇಳಿಯೇಬಿಟ್ಟಳು, ಎರಡು ತಿಂಗಳು, ಹೆಚ್ಚೆಂದರೆ, ಎಂದಳು ಡಾಕ್ಟರ್, ಅಂದರೆ ಎರಡು ತಿಂಗಳ ರೀ, ಇಲ್ಲವೇ ಇನ್ನಿಪ್ಪತ್ತು ವರ್ಷದ ಏ, ಪೆನ್ನಿನ ಮುಚ್ಚಳ ತೆಗೆದಳು, ಈ ಸಭ್ಯಸ್ಥ ಯಾರೋ, ಇವನಿಗೆ ಬೈಯಲು ಬಾಯಿಯೇ ಬರುವುದಿಲ್ಲ, ಬೈಸಿಕೊಳ್ಳಬೇಕಾದವನು ಗಂಟಿನ ಹಿಂದೆ ಅಡಗಿ ಕೂತಿದ್ದಾನೆ, ಹೇಡಿ, ಹಾಗೆ ಪಾರಾಗಿ ಸತ್ತುಹೋಗಲು ಬಿಡುತ್ತಾಳೆಯೇ, ಹೊರಗೆ ಬರಲಿ, ಕಣ್ಣು ತೆರೆದು ಏ ಅನ್ನಲಿ, ಈ ಸಲ ಅವಳಿಗೂ ನಾಲಿಗೆ ಇದೆ — ಸಹಿ ಮಾಡಿದಳು, ಪೂರ್ತಿ ಹೆಸರು, ಕನ್ನಡದಲ್ಲಿ. ಗಾಲಿ ಮಂಚವನ್ನು ಲಿಫ್ಟಿನೊಳಗೆ ತಳ್ಳಿದರು, ಅವ್ವಣ್ಣನ ಸೂಜಿ ಚುಚ್ಚಿದ ಕೈ ತನ್ನದೇ ಇನ್ನೊಂದು ಕೈಯನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿ ನಮಸ್ಕಾರಕ್ಕೆ ಜೋಡಿಯಾಯಿತು, ಹೋಗಿ ಬರ್ತೀನ್ರಿ, ನಗಬೇಕೆಂದುಕೊಂಡಳು, ನಗು ಬರಲಿಲ್ಲ, ಬಾ ಅನ್ನಬೇಕೋ ಬರ್ರಿ ಅನ್ನಬೇಕೋ, ಬಾಗಿಲು ಮುಚ್ಚುತ್ತಿದೆ, ಸಂದಿನಲ್ಲಿ ಆ ಕೈ, ಸೊಟ್ಟಗೆ ಜೋಡಿಸಿದ ಕೈ, ಅವಳಿಗೇ ಜೋಡಿಸಿದ ಕೈ —