ಸಹಿಗಾಗಿ ಕಾದ ಅಮೃತಪ್ಪ ಸರ್

ಶಹಾಬಾದಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅಮೃತಪ್ಪ ಸರ್ ನನ್ನ ಮಗಳನ್ನು ಮೂರು ಸಲ ಅಳಿಸಿದರು; ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮೇ ತಿಂಗಳ ಉರಿಬಿಸಿಲಲ್ಲೂ ಕಂದು ಕೋಟು ಬಿಚ್ಚದ ಮನುಷ್ಯ. ಅದರ ಒಂದು ಜೇಬಿನಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳನ್ನೆಲ್ಲ ತುರುಕಿಕೊಂಡು, ಆ ಭಾರಕ್ಕೆ ಭುಜ ವಾಲಿಸಿ, ಗೋಡೆ ಸವರಿಕೊಂಡೇ ನಡೆಯುತ್ತಿದ್ದರು. ಯಾರು ಏನೇ ಹೇಳಲಿ, ಗಂಟಲು ಸರಿಮಾಡಿಕೊಂಡು ‘ಯಾರು ಅಂದ್ರು?’ ಎನ್ನುವುದು ಅವರ ಚಾಳಿ.

ಅವರದೊಂದು ವಿಚಿತ್ರ ಹಟವಿತ್ತು. ಮೊದಲ ವರ್ಷದ ಮಕ್ಕಳು ಯಾರ ಕಸುಬಿನ ಬಗ್ಗೆ ಬರೆಯುತ್ತಾರೋ ಆ ಕಸುಬಿನವರಿಗೇ ಓದಿ ಕೇಳಿಸಿ, ಸರಿಯಿದೆಯೆಂದು ಸಹಿ ಹಾಕಿಸಿಕೊಂಡು ಬರಬೇಕು. ನನ್ನ ಮಗಳು ದೇವಿಕಾ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆಯುವ ನನ್ನ ಕಸುಬನ್ನೇ ಲೈಬ್ರರಿಯ ಪುಸ್ತಕದಿಂದ ಇಳಿಸಿಕೊಂಡು ಬಂದಳು. ಮದ್ದಿಟ್ಟು ಸಿಡಿಸುತ್ತಾರೆಂದು ಅದರಲ್ಲಿತ್ತು. ಸಿಡಿಸಿದರೆ ಪರಸಿ ಚೂರಾಗುತ್ತದೆ. ಉಳಿ ಹೊಡೆದು, ಹಾರೆ ಹಾಕಿ, ಪದರ ಪದರವಾಗಿ ಎಬ್ಬಿಸಬೇಕು. ನಾನು ಸಹಿ ಹಾಕಲಿಲ್ಲ. ಅಚ್ಚಾದದ್ದನ್ನು ತಪ್ಪೆನ್ನಲು ಅವಳಿಗೆ ಧೈರ್ಯವಿಲ್ಲ. ಸಹಿಯಿಲ್ಲವೆಂದು ಸರ್ ಮೂರು ಸಲ ಹಿಂದಕ್ಕೆ ಕೊಟ್ಟರು. ಒಪ್ಪಿಸುವ ಕಡೆಯ ದಿನ, ಕಾಲೇಜೇ ಬಿಡುತ್ತೇನೆಂದು ಮನೆಯಲ್ಲಿ ಕುಳಿತುಬಿಟ್ಟಳು.

ಮೈಮೇಲಿನ ಕಲ್ಲುಧೂಳನ್ನೂ ಕೊಡವದೆ ಅವಳನ್ನು ಕರೆದುಕೊಂಡು ಹೋದೆ. ತುಂಬಿದ ತರಗತಿಯ ಮುಂದೆ ಅವರನ್ನು ಕಲಿಸಲು ಬಾರದ ಸೋಮಾರಿ ಎಂದೆ. ಇನ್ನೂ ಆಡಬಾರದ್ದನ್ನು ಆಡಿದೆ. ಅವರು ಕುರ್ಚಿ ಸರಿಸಿದರು.

‘ಕುಂದ್ರಿ ಹಣಮಪ್ಪನವರೆ. ದೇವಿಕಾ, ಕಲ್ಲು ಹೆಂಗ ಎಬ್ಬಸ್ತಾರ, ನೀ ನೋಡಿಲ್ಲೇನು?’

‘ನೋಡೀನ್ರಿ ಸರ್. ಆದ್ರ ಬುಕ್ಕಿನಾಗ ಬ್ಯಾರೆ ಅದ.’

‘ಎರಡೂ ಬರಿ. ಬುಕ್ಕಿನಾಗ ಹಿಂಗದ, ನಾ ಹಿಂಗ ನೋಡೀನಿ, ಅಂತ.’

‘ನಾಕನೇ ಇಯತ್ತೆ ಓದಿದವನ ಮಾತಿಗಿ ಮಾರ್ಕ್ಸ್ ಹಾಕ್ತೀರೇನ್ರಿ?’ ಎಂದು ನಾನು ಕೆಣಕಿದೆ.

‘ನಿಮಗ ಯಾರು ಹಾಕ್ತಾರ್ರಿ? ನೋಡಿದಾಕಿಗಿ ಹಾಕ್ತೀನಿ.’

ಅವಳು ಅಲ್ಲೇ ಬರೆಯತೊಡಗಿದಳು. ‘ನಾನು’ ಎಂಬಲ್ಲಿ ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ಹೇಳಿಕೊಡಿ ಎಂದು ನಾನು ಹಲ್ಲು ಕಡಿದರೂ ಅವರು ತುಟಿ ಬಿಚ್ಚಲಿಲ್ಲ. ಕೊನೆಗೆ ದೇವಿಕಾ ಬರೆದು ಮುಗಿಸಿ, ಎದ್ದು ನಿಂತು, ನನ್ನ ಮುಖವನ್ನೇ ನೋಡುತ್ತ ಗಟ್ಟಿಯಾಗಿ ಓದಿದಳು. ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದೆ, ಸಿಟ್ಟಿನಿಂದಲೇ ಇರಬೇಕು.

ತಪ್ಪು ತಿದ್ದುವ ಮಾಸ್ತರರು ಎಲ್ಲೆಡೆ ಸಿಗುತ್ತಾರೆ. ಮಗುವೊಂದು ತನ್ನ ಕಣ್ಣನ್ನು ತಾನೇ ನಂಬುವ ತನಕ, ಹೆತ್ತವರಿಂದ ಬೈಸಿಕೊಂಡಾದರೂ, ಸುಮ್ಮನೆ ಕಾಯಬಲ್ಲ ಗುರುಗಳು ವಿರಳ. ಮರುವರ್ಷ ಅವರು ಚಿಂಚೋಳಿಗೆ ವರ್ಗವಾಗಿ ಹೋದರು. ತರಗತಿಯೆದುರು ಆಡಿದ್ದಕ್ಕೆ ತರಗತಿಯೆದುರೇ ತಪ್ಪಾಯಿತೆನ್ನಬೇಕಿತ್ತು. ನಾನು ಅನ್ನಲಿಲ್ಲ, ಆ ಋಣ ಹಾಗೇ ಉಳಿಯಿತು.