ಮರಳಿನಲ್ಲಿ ಮಲಗಿದವನು

ರೈಲಿನ ಕಿಟಕಿ ಗಾಜಿನ ಮೇಲೆ ಮಳೆ ಓರೆಯಾಗಿ ಹರಿಯುತ್ತಿದೆ, ಅದರಾಚೆ ಒದ್ದೆ ತೆಂಗು, ಒದ್ದೆ ಹೆಂಚು, ಇಷ್ಟೊಂದು ನೀರು ಯಾರಿಗೆ ಬೇಕಿತ್ತು, ಸುಮಿತ್ರಳ ಅಂಗೈಯಲ್ಲಿರುವ ಫೋನಿನೊಳಗೆ ಮರುಭೂಮಿ ಒಣಗಿ ಬಿದ್ದಿದೆ, ಪಡುವಣದಲ್ಲಿ ಆಗಲೇ ಕೆಂಪು, ದೊಡ್ಡ ಬಿರುಗಾಳಿ ಬರುತ್ತದೆಂದು ಆಟ ಬೆಳಗಿನಿಂದ ಎಚ್ಚರಿಸುತ್ತಿದೆ, ಎರ್ನಾಕುಲಂ ಬಿಟ್ಟಾಗಿನಿಂದ ಅವಳು ಗೋಡೆಗೆ ಕಲ್ಲು ಸೇರಿಸುತ್ತಲೇ ಇದ್ದಾಳೆ, ಗೋಡೆಯೊಳಗೆ ಹೃಷಿಕೇಶ್ ಮಲಗಿದ್ದಾನೆ — ಹೃಷಿಕೇಶ್ ಅಲ್ಲ, ಆಟದೊಳಗಿನ ಅವನ ಬೊಂಬೆ, ಆಟ ನಿಲ್ಲಿಸಿ ಹೋದವರು ಅಲ್ಲಿ ಹೀಗೆ ನಿದ್ದೆ ಹೋಗುತ್ತಾರೆ, ತಿರುಗಿ ಬರುವ ತನಕ, ಅವನು ಫೆಬ್ರವರಿಯಲ್ಲಿ ಸಾಕು ಕಣೇ ನಿದ್ದೆ ಬರ್ತಿದೆ ಅಂತ ಹೋದವನು ಮರುದಿನ ಆಫೀಸಿನ ಮೆಟ್ಟಿಲ ಮೇಲೆ ಕುಸಿದ, ಮತ್ತೆ ಏಳಲಿಲ್ಲ, ತಿರುವನಂತಪುರದ ಗಂಡ, ಕೊಚ್ಚಿಯ ಹೆಂಡತಿ, ಅವನಿಗೆ ರಾಕೆಟ್ಟು, ಅವಳಿಗೆ ಬ್ಯಾಂಕು, ವರ್ಗ ಕೇಳಿ ಕೇಳಿ ಸಾಕಾಗಿ ಸಂಜೆಗಳನ್ನು ಈ ಮರಳಿನಲ್ಲೇ ಕಳೆದರು, ಒಲೆ ಹಚ್ಚಿದ್ದು ಜಗಳವಾಡಿದ್ದು ಎಲ್ಲ ಇಲ್ಲೇ, ಇದೇ ನೋಡು ನಮ್ಮ ಸಂಸಾರ ಅಂತ ನಗುತ್ತಿದ್ದ, ಹಾಗಾದರೆ ಇವತ್ತು ಅವಳು ಖಾಲಿ ಮಾಡಲು ಹೊರಟಿರುವ ಕ್ವಾರ್ಟರ್ಸ್ ಯಾರದು, ಅವನ ಆಫೀಸಿನ ರಾಮದಾಸ ಎಷ್ಟು ಮೆಲ್ಲಗೆ ಹೇಳಿದರು, ಬೇಜಾರು ಮಾಡ್ಕೋಬೇಡಿ ಮೇಡಂ, ನಾಳೆ ಹೊಸಬರು ಬರ್ತಾರೆ — ಬರಲಿ, ಅಲ್ಲಿ ಅವನ ಅಂಗಿಗಳಿವೆ ಅಷ್ಟೆ, ಅವನು ಇರುವುದು ಇಲ್ಲಿ, ಕಲ್ಲು ಇನ್ನೊಂದು, ಇನ್ನೊಂದು, ಕೊಲ್ಲಂ ದಾಟಿದ್ದೇ ಸಿಗ್ನಲ್ ಹೋಯಿತು, ಪರದೆಯಲ್ಲಿ ಬರೀ ತಿರುಗುವ ಚಕ್ರ, ಅವಳು ಫೋನನ್ನು ಕಿಟಕಿಗೆ ಒತ್ತಿ ಹಿಡಿಯುತ್ತಾಳೆ, ಬಾ, ಬಾ, ಎಂತಾ ಮೋಳೇ, ಸುಖಮಿಲ್ಲೇ, ಹುಷಾರಿಲ್ಲವೇ ಮಗಳೇ ಅಂತ ಪಕ್ಕದ ಹೆಂಗಸು ಮೊಣಕೈ ಮುಟ್ಟುತ್ತಾಳೆ, ಒನ್ನುಮಿಲ್ಲ ಚೇಚಿ, ಏನೂ ಇಲ್ಲ, ನನ್ನ ಗಂಡ ಒಬ್ಬನೇ ಬಯಲಲ್ಲಿ ಮಲಗಿದ್ದಾನೆ ಅಂತ ಮಲಯಾಳದಲ್ಲಿ ಹೇಗೆ ಹೇಳುವುದು, ಕನ್ನಡದಲ್ಲಾದರೂ ಹೇಗೆ.

ಸಿಗ್ನಲ್ ಬಂದಾಗ ಗೋಡೆ ಇಲ್ಲ, ಸೂರಿಲ್ಲ, ಆಕಾಶವೇ ಕಂದು ಬಣ್ಣದ ಗೋಡೆಯಾಗಿ ನಡೆದು ಬರುತ್ತಿದೆ, ಉಳಿದ ಆಟಗಾರರೆಲ್ಲ ಗುಹೆಗೆ ಓಡುತ್ತಿದ್ದಾರೆ, ಮಲಗಿದವರನ್ನು ಹೊತ್ತೊಯ್ಯಲು ಅಲ್ಲಿ ಅವಕಾಶವಿಲ್ಲ, ಗಾಳಿ ಬಡಿದ ಹಾಗೆಲ್ಲ ಅವನ ಹೆಸರಿನ ಕೆಳಗೆ ಜೀವ ತೋರಿಸುವ ಹಸಿರು ಗೆರೆ ಮೋಟಾಗುತ್ತಿದೆ, ಅವಳು ಹೋಗಿ ಗಾಳಿಗೆ ಅಡ್ಡ ನಿಂತಳು, ಹಸಿರು ನಿಂತಿತು, ಅಬ್ಬ ಅನ್ನುವಷ್ಟರಲ್ಲಿ ಅವಳ ಬೆನ್ನ ಹಿಂದೆ ಮರಳು ಬೀಳತೊಡಗಿದೆ, ಅವನ ಕಾಲಿನ ಮೇಲೆ, ಹೊಟ್ಟೆಯ ಮೇಲೆ — ಶಂಖುಮುಖದ ಕಡಲ ದಂಡೆಯಲ್ಲಿ ಅವನು ಚಪ್ಪಲಿ ನೆಟ್ಟು ತೋರಿಸಿದ್ದ, ಗಾಳಿಗೆ ಏನು ಅಡ್ಡ ಇಟ್ರೂ ಅದರ ಹಿಂದೇನೇ ಮರಳು ಗುಡ್ಡೆ ಆಗತ್ತೆ ಕಣೇ, ಆಟ ಮಾಡಿದವರಿಗೆ ಅದು ಸರಿಯಾಗಿ ಗೊತ್ತಿದೆ, ಪಕ್ಕಕ್ಕೆ ಸರಿದರೆ ಗಾಳಿ ಅವನನ್ನು ತಿನ್ನುತ್ತದೆ, ನಿಂತರೆ ಅವಳೇ ಅವನನ್ನು ಹೂಳುತ್ತಾಳೆ, ಸರಿದಳು, ನಿಂತಳು, ಮತ್ತೆ ಸರಿದಳು, ಎದೆ ಮುಚ್ಚಿತು, ಮುಖ ಮುಚ್ಚಿತು, ಒಂದು ಕೈ ಮಾತ್ರ ಮೇಲಿದೆ, ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಹೊದಿಸಿದವರು ಒಂದು ಕೈಯನ್ನು ಹೊರಗೇ ಬಿಟ್ಟಿದ್ದರು, ಅವಳು ಅದನ್ನು ಒಳಗೆ ಸೇರಿಸಿರಲಿಲ್ಲ, ತಣ್ಣಗಿತ್ತು, ರೈಲು ನಿಂತಿದೆ, ತಂಪಾನೂರ್, ತಿರುವನಂತಪುರದ ನಿಲ್ದಾಣ, ಜನ ಚೀಲ ಇಳಿಸುತ್ತಿದ್ದಾರೆ, ಇರಙ್ಙುನ್ನಿಲ್ಲೇ ಮೋಳೇ, ಇಳಿಯಬೇಕು, ಹೌದು, ಬೆರಳು ಇನ್ನೂ ಕಾಣುತ್ತಿವೆ, ಇಳಿಯಬೇಕು, ಮರಳಿನ ಮೇಲೆ ಒಂದು ಕೈ, ಅಂಗೈ ಮೇಲೆ ಮಾಡಿ, ಆ ಕೈ —